ಗಾಳಿಗೆ ದಾರಿ, ಸೊಳ್ಳೆಗೆ ಗೋಡೆ

ಮನೆಯ ಗೋಡೆಯಲ್ಲಿ ಒಂದು ಕಂಡಿ ಬಿಟ್ಟು ಅದಕ್ಕೆ ಹೆಸರಿಡುವಾಗ ಹಿಂದಿನವರು ಮನಸ್ಸಿಟ್ಟು ಯೋಚಿಸಿದ್ದಾರೆ. ಸಂಸ್ಕೃತದಲ್ಲಿ ಅದು ವಾತಾಯನ, ಎಂದರೆ ಗಾಳಿ ನಡೆದು ಬರುವ ಹಾದಿ. ಅಥವಾ ಗವಾಕ್ಷ, ಗೋವಿನ ಕಣ್ಣು. ಕನ್ನಡದ ಬೆಳಕಿಂಡಿಯಲ್ಲಿ ಗಾಳಿಯ ಮಾತಿಲ್ಲ, ಬೆಳಕಿನದೇ ಮಾತು. ಇಂಗ್ಲಿಷಿನ ವಿಂಡೋ ಎಂಬ ಶಬ್ದದ ಬೇರನ್ನು ಹುಡುಕಿಕೊಂಡು ಹೋದರೆ ಹಳೆಯ ನಾರ್ಸ್ ಭಾಷೆಯಲ್ಲಿ ಗಾಳಿಯ ಕಣ್ಣು ಎಂಬ ಅರ್ಥದ ಮಾತೊಂದು ಸಿಗುತ್ತದೆ. ಒಬ್ಬರನ್ನೊಬ್ಬರು ಅರಿಯದ ಎರಡು ಜನಾಂಗಗಳು ಕಿಟಕಿಯನ್ನು ಕಂಡು ಕಣ್ಣನ್ನೇ ನೆನೆದದ್ದು ಸ್ವಾರಸ್ಯವಾದ ಸಂಗತಿ. ಆದರೆ ಈ ಹೆಸರುಗಳಲ್ಲೆಲ್ಲ ನಾವು ಕರೆದು ಬರಮಾಡಿಕೊಳ್ಳುವ ಅತಿಥಿಗಳ ಪ್ರಸ್ತಾಪ ಮಾತ್ರ ಉಂಟು. ಕರೆಯದೆ ಒಳಗೆ ನುಗ್ಗುವವರ ಸುದ್ದಿಯಿಲ್ಲ. ಕಿಟಕಿಯ ಚರಿತ್ರೆಯಲ್ಲಿ ಅರ್ಧಪಾಲು ಈ ಕರೆಯದ ಅತಿಥಿಗಳಿಗೇ ಸಲ್ಲಬೇಕು. ಒಂದು ಕಾಲದ ಜನ ಕಿಟಕಿಗೆ ಏನನ್ನು ಅಡ್ಡವಿಟ್ಟರು ಎಂಬುದನ್ನು ನೋಡಿದರೆ ಸಾಕು, ಅವರು ಹೊರಗಿನ ಯಾವುದಕ್ಕೆ ಅಂಜುತ್ತಿದ್ದರು ಎಂಬುದು ತಿಳಿದುಹೋಗುತ್ತದೆ.

ನಮ್ಮ ಬೇಲೂರನ್ನೇ ತೆಗೆದುಕೊಳ್ಳೋಣ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ನವರಂಗ ಮೊದಲು ತೆರೆದ ಮಂಟಪವಾಗಿತ್ತು. ಕಂಬಗಳ ನಡುವಣ ಕಲ್ಲಿನ ಜಾಲಂಧ್ರಗಳು ಅನಂತರ, ವೀರಬಲ್ಲಾಳನ ಕಾಲದಲ್ಲಿ, ಬಂದು ಕೂತವು. ನಕ್ಷತ್ರದಂತೆ, ಚೌಕದಂತೆ ಕೊರೆದ ರಂಧ್ರಗಳಿಂದ ಬೆಳಕು ಸೋಸಿಕೊಂಡು ಒಳಗೆ ಇಳಿಯುತ್ತದೆ. ಹಳೆಯ ತೊಟ್ಟಿಮನೆಗಳ ಮರದ ಸರಳುಗಳು, ಬಿದಿರಿನ ತಟ್ಟಿಗಳು, ಬೇಸಿಗೆಯಲ್ಲಿ ನೀರು ಚಿಮುಕಿಸಿ ಇಳಿಬಿಡುತ್ತಿದ್ದ ಲಾವಂಚದ ಪರದೆಗಳು, ಇವೆಲ್ಲ ಆ ಜಾಲಂಧ್ರದ ಬಡ ನೆಂಟರೇ. ಇವುಗಳ ಕೆಲಸ ಬಿಸಿಲನ್ನು ತಡೆಯುವುದು, ಬೀದಿಯವರ ಕಣ್ಣನ್ನು ತಡೆಯುವುದು, ಕಳ್ಳನನ್ನೂ ಬೆಕ್ಕನ್ನೂ ತಡೆಯುವುದು. ಸೊಳ್ಳೆಯನ್ನು ತಡೆಯಬೇಕೆಂಬ ಆಲೋಚನೆ ಇವುಗಳಲ್ಲಿ ಯಾವುದರ ಹಿಂದೆಯೂ ಇರಲಿಲ್ಲ. ಜಾಲಂಧ್ರದ ಒಂದೊಂದು ರಂಧ್ರದಲ್ಲಿ ಸೊಳ್ಳೆಯ ದಿಬ್ಬಣವೇ ಹಾದುಹೋಗಬಹುದು!

ಸೊಳ್ಳೆಯ ಉಪದ್ರವ ಹಿಂದಿನವರಿಗೆ ಗೊತ್ತಿರಲಿಲ್ಲವೆಂದಲ್ಲ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿಯೇ ಈಜಿಪ್ಟಿನ ಜೌಗುನೆಲದ ಬೆಸ್ತರ ವಿಷಯವನ್ನು ಹೇಳಿದ್ದಾನೆ. ಅವರು ಹಗಲು ಮೀನು ಹಿಡಿದ ಬಲೆಯನ್ನೇ ರಾತ್ರಿ ಹಾಸಿಗೆಯ ಸುತ್ತ ಕಟ್ಟಿ ಅದರೊಳಗೆ ಮಲಗುತ್ತಿದ್ದರಂತೆ. ಗ್ರೀಕರ ಮಾತಿನಲ್ಲಿ ಸೊಳ್ಳೆಗೆ ‘ಕೋನೋಪ್ಸ್’ ಎಂದು ಹೆಸರು. ಸೊಳ್ಳೆಪರದೆಯ ಮಂಚಕ್ಕೆ ಅದರಿಂದ ಬಂದ ಹೆಸರು ಕ್ರಮೇಣ ಸವೆದು ಇಂಗ್ಲಿಷಿನ ‘ಕ್ಯಾನೋಪಿ’ಯಾಗಿ, ದೊರೆಗಳ ಸಿಂಹಾಸನದ ಮೇಲಿನ ಮೇಲ್ಕಟ್ಟಿಗೂ ಸಂದಿತು. ಸೊಳ್ಳೆಯ ದೆಸೆಯಿಂದ ಹುಟ್ಟಿದ ಮಾತು ರಾಜನ ತಲೆಯ ಮೇಲೆ ಏರಿದ್ದು ಭಾಷೆಯ ವಿನೋದಗಳಲ್ಲಿ ಒಂದು. ಆದರೆ ಇವೆಲ್ಲ ನಿದ್ದೆಗೆಟ್ಟವರು ಕಂಡುಕೊಂಡ ಉಪಾಯಗಳು. ಸೊಳ್ಳೆ ಎಂದರೆ ಕಡಿತ, ತುರಿಕೆ, ಕಿವಿಯ ಬಳಿಯ ಗುಂಯ್‌ಗಾನ. ಅದು ಪ್ರಾಣಕ್ಕೆ ಎರವಾಗುತ್ತದೆಂದು ಯಾರೂ ಭಾವಿಸಿರಲಿಲ್ಲ.

ಪ್ರಾಣ ತೆಗೆಯುವುದು ಗಾಳಿ ಎಂದು ಅವರ ನಂಬಿಕೆ. ಇಟಲಿಯವರು ಚಳಿಜ್ವರಕ್ಕೆ ‘ಕೆಟ್ಟ ಗಾಳಿ’ ಎಂದೇ ಹೆಸರಿಟ್ಟರು. ಮಲೇರಿಯ ಎಂಬ ಮಾತಿನ ಅರ್ಥ ಅದೇ. ಜೌಗುನೆಲದಿಂದ ಸಂಜೆಯ ಹೊತ್ತಿಗೆ ವಿಷದ ಹಬೆ ಏಳುತ್ತದೆ, ಅದನ್ನು ಉಸಿರಾಡಿದವರಿಗೆ ಜ್ವರ ಬರುತ್ತದೆ ಎಂಬ ಈ ನಂಬಿಕೆ ಶತಮಾನಗಳ ಕಾಲ ಯುರೋಪಿನ ವೈದ್ಯರನ್ನು ಆಳಿತು. ಆದ್ದರಿಂದ ಸಂಜೆಯಾಗುತ್ತಲೆ ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಳ್ಳುವುದೇ ಜ್ವರಕ್ಕೆ ಮದ್ದಾಯಿತು. ವಿಚಿತ್ರವೆಂದರೆ, ಈ ತಪ್ಪು ತಿಳಿವಳಿಕೆಯಿಂದ ಕೊಂಚ ಒಳ್ಳೆಯದೂ ಆಗುತ್ತಿತ್ತು. ಗಾಳಿಗೆ ಹಾಕಿದ ಕದ ಸೊಳ್ಳೆಗೂ ಕದವಾಗುತ್ತಿತ್ತಷ್ಟೆ. ಆದರೆ ಅದಕ್ಕೆ ತೆತ್ತ ಬೆಲೆ ಬೇಸಿಗೆಯ ರಾತ್ರಿಯಲ್ಲಿ ಮುಚ್ಚಿದ ಕೋಣೆಯ ಉಬ್ಬಸ. ಗಾಳಿಯೂ ಬೇಕು, ಜ್ವರವೂ ಬರಬಾರದು ಎಂಬುವರಿಗೆ ದಾರಿಯಿರಲಿಲ್ಲ.

ಆ ದಾರಿಯನ್ನು ತೆರೆದ ವಸ್ತು ಹುಟ್ಟಿದ್ದು ವೈದ್ಯರ ಮನೆಯಲ್ಲಿ ಅಲ್ಲ, ಜರಡಿ ಮಾಡುವವರ ಮನೆಯಲ್ಲಿ. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಬೆಂಜಮಿನ್ ಗಿಲ್ಬರ್ಟ್ ಎಂಬಾತ 1818ರಲ್ಲಿ ಕುದುರೆಯ ಕೂದಲನ್ನು ನೇಯ್ದು ಜರಡಿ ಮಾಡುವ ಉದ್ಯೋಗವನ್ನು ಆರಂಭಿಸಿದ. ಮುಂದೆ ಕೂದಲಿನ ಬದಲು ಕಬ್ಬಿಣದ ತಂತಿ ಮಗ್ಗಕ್ಕೆ ಏರಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿಕೊಂಡಾಗ ದಕ್ಷಿಣದ ಗಿರಾಕಿಗಳು ಕೈಬಿಟ್ಟರು. ಗಿಲ್ಬರ್ಟ್ ಅಂಡ್ ಬೆನೆಟ್ ಕಾರ್ಖಾನೆಯಲ್ಲಿ ನೇಯ್ದ ತಂತಿಬಟ್ಟೆ ರಾಶಿ ಬಿತ್ತು. ಅದಕ್ಕೆ ತುಕ್ಕು ಹಿಡಿಯದಂತೆ ಬೂದು ಬಣ್ಣ ಬಳಿದು ಕಿಟಕಿಗೆ ಮಾರಬಾರದೇಕೆ ಎಂಬ ಯೋಚನೆ ಅಲ್ಲಿಯವರಿಗೆ ಹೊಳೆಯಿತು. ಸರಕು ಕೈಗೆ ಬಂದ ಹಾಗೆ ಖರ್ಚಾಯಿತು. ಕಿಟಕಿಗೆ ತಂತಿಯ ಬಲೆ ಹಾಕುವುದು ಅದಕ್ಕೆ ಮುಂಚೆಯೂ ಅಲ್ಲಲ್ಲಿ ಇತ್ತು. ಅದು ಸಾಮಾನ್ಯ ಸಂಸಾರಿಗಳ ಮನೆಗೆ ಇಳಿದು ಬಂದದ್ದು ಆಗ. ಅವರು ಅದನ್ನು ಕೊಂಡದ್ದು ನೊಣದ ಕಾಟ ತಾಳಲಾರದೆ. ಜ್ವರದ ಯೋಚನೆ ಅವರಿಗಿರಲಿಲ್ಲ.

ಜರಡಿಯ ವಂಶದಲ್ಲಿ ಕಿಟಕಿಯ ಬಲೆ ಹುಟ್ಟಿದ್ದು ಬಹು ಉಚಿತವಾಗಿದೆ. ಜರಡಿಯ ಗುಣವೇ ವಿವೇಚನೆ. ಇದು ಹೋಗಲಿ, ಅದು ನಿಲ್ಲಲಿ ಎಂದು ತೀರ್ಮಾನಿಸುವುದೇ ಅದರ ಕಸಬು. ಹಿಟ್ಟಿಗೆ ಮಾಡಿದ್ದನ್ನು ಗಾಳಿಗೆ ಮಾಡಿದರೆ ಅದೇ ಕಿಟಕಿಯ ಬಲೆ. ನಮ್ಮಲ್ಲಿಯೂ ಎಷ್ಟೋ ಮನೆಗಳಲ್ಲಿ ತಂತಿಯ ಜಾಲರಿ ಮೊದಲು ಬಂದದ್ದು ಅಡಿಗೆಮನೆಯ ಮೂಲಕವೇ. ಹಾಲು ಮೊಸರುಗಳನ್ನಿಡುವ ಅಲಮಾರಿನ ಬಾಗಿಲಿಗೆ ಜಾಲರಿ ಇರುತ್ತಿತ್ತು; ಮಕ್ಕಳು ಮಲಗುವ ಕೋಣೆಯ ಕಿಟಕಿಗೆ ಇರುತ್ತಿರಲಿಲ್ಲ. ಮೊಸರಿಗೆ ಸಿಕ್ಕಿದ ರಕ್ಷಣೆ ಮನುಷ್ಯರಿಗೆ ಸಿಕ್ಕಲು ಇನ್ನೂ ಕಾಲ ಕೂಡಿಬರಬೇಕಾಗಿತ್ತು.

ಆ ಕಾಲವನ್ನು ಕೂಡಿಸಿಕೊಟ್ಟವನು ಹುಟ್ಟಿದ್ದು ಆಲ್ಮೋರದಲ್ಲಿ, ಕೆಲಸ ಮಾಡಿದ್ದು ನಮ್ಮ ದಕ್ಷಿಣದೇಶದಲ್ಲಿ. ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿಗೆ ವೈದ್ಯನಾಗಿ ಬಂದ. ಆತನಿಗೆ ಸಿಕ್ಕಿದ ಬಂಗಲೆ ಸೊಗಸಾಗಿತ್ತು. ಸೊಳ್ಳೆ ಮಾತ್ರ ಅಸಾಧ್ಯವಾಗಿತ್ತು. ಹುಡುಕಿ ನೋಡಿದಾಗ ಕಿಟಕಿಯ ಹೊರಗಡೆ ಇಟ್ಟಿದ್ದ ನೀರಿನ ತೊಟ್ಟಿಯೊಂದರಲ್ಲಿ ಹುಳುಗಳು ಕಿಲಬಿಲನೆ ಆಡುತ್ತಿದ್ದವು. ನೀರನ್ನು ಚೆಲ್ಲಿಸಿದ ಮೇಲೆ ಸೊಳ್ಳೆ ಕಡಮೆಯಾಯಿತು. ಉಳಿದ ಕಡೆಯೂ ಹೀಗೆಯೇ ಮಾಡೋಣವೆಂದು ಜೊತೆಯ ಅಧಿಕಾರಿಯೊಬ್ಬನಿಗೆ ಹೇಳಿದರೆ, ಆತ ಸೃಷ್ಟಿಯ ಕ್ರಮವನ್ನು ಕೆಡಿಸಬಾರದು, ಸೊಳ್ಳೆಯನ್ನು ಸಹಿಸುವುದೇ ನಮ್ಮ ಧರ್ಮ ಎಂಬರ್ಥದ ಮಾತನ್ನಾಡಿ ತಳ್ಳಿಹಾಕಿದನಂತೆ. ಈ ಪ್ರಸಂಗವನ್ನು ರಾಸ್ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಹದಿನಾಲ್ಕು ವರ್ಷಗಳ ಅನಂತರ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಸೊಳ್ಳೆಯ ಜಠರವನ್ನಿಟ್ಟು ನೋಡುತ್ತಿದ್ದ ಆತನಿಗೆ ಅಲ್ಲಿ ಮಲೇರಿಯದ ಅಣುಜೀವಿ ಕಾಣಿಸಿತು. ಮರುವರ್ಷ ಇಟಲಿಯ ಗ್ರಾಸಿ ಮತ್ತು ಆತನ ಸಂಗಡಿಗರು ಮನುಷ್ಯರಿಗೆ ಮಲೇರಿಯವನ್ನು ಹರಡುವುದು ಅನಾಫಿಲಿಸ್ ಜಾತಿಯ ಸೊಳ್ಳೆಯೆಂದು ತೋರಿಸಿಕೊಟ್ಟರು. ಗಾಳಿ ನಿರಪರಾಧಿಯೆಂದು ತೀರ್ಪಾಯಿತು.

ತೀರ್ಪಾಯಿತೆಂದರೆ ಜನ ಒಪ್ಪಿದರೆಂದು ಅರ್ಥವಲ್ಲ. ಒಪ್ಪಿಸಲು ಸಾಕ್ಷಿ ಬೇಕಾಯಿತು. ಆ ಸಾಕ್ಷಿಯನ್ನು ಹೇಳಿದ್ದು ಕಿಟಕಿಯ ಬಲೆಯೇ. 1900ರ ಬೇಸಿಗೆಯಲ್ಲಿ ಸ್ಯಾಂಬನ್ ಮತ್ತು ಲೋ ಎಂಬ ಇಬ್ಬರು ವೈದ್ಯರು ರೋಮಿನ ಬಳಿಯ ಓಸ್ಟಿಯದ ಜೌಗುಪ್ರದೇಶಕ್ಕೆ ಹೋಗಿ ಮರದ ಗುಡಿಸಲೊಂದನ್ನು ಹೂಡಿದರು. ಅದರ ಕಿಟಕಿ ಬಾಗಿಲುಗಳಿಗೆ ತಂತಿಯ ಬಲೆ. ಹಗಲೆಲ್ಲ ಅವರು ಊರವರಂತೆಯೇ ಓಡಾಡುವರು. ಸೂರ್ಯ ಮುಳುಗುವ ಮುನ್ನ ಗುಡಿಸಲನ್ನು ಸೇರಿ, ಕಿಟಕಿಗಳನ್ನು ತೆರೆದಿಟ್ಟು, ಜನ ಹೆದರುತ್ತಿದ್ದ ಆ ರಾತ್ರಿಯ ಗಾಳಿಯನ್ನೇ ಉಸಿರಾಡುತ್ತ ಮಲಗುವರು. ಕ್ವಿನೈನ್ ಮುಟ್ಟಲಿಲ್ಲ. ಸುತ್ತಲಿನ ಜನ ಜ್ವರದಿಂದ ನರಳುತ್ತಿದ್ದರೂ ಜುಲೈಯಿಂದ ಅಕ್ಟೋಬರಿನವರೆಗೆ ಇವರಿಗೆ ಜ್ವರ ತಗಲಲಿಲ್ಲ. ಅದೇ ವರ್ಷ ದಕ್ಷಿಣ ಇಟಲಿಯ ಕಪಾಚ್ಚೊ ಬಯಲಿನಲ್ಲಿ ಗ್ರಾಸಿ 112 ಮಂದಿಯನ್ನು ಕತ್ತಲಾದಾಗಿನಿಂದ ಬೆಳಗಾಗುವವರೆಗೆ ಸೊಳ್ಳೆಯಿಂದ ಕಾಪಾಡಿ ನೋಡಿದ. ಅವರಲ್ಲಿ ಜ್ವರ ಹಿಡಿದದ್ದು 5 ಮಂದಿಗೆ. ರಕ್ಷಣೆಯಿಲ್ಲದೆ ಇದ್ದವರಲ್ಲಿ ತಪ್ಪಿಸಿಕೊಂಡವರೇ ಇಲ್ಲವೆನ್ನಬೇಕು.

ಇದಕ್ಕಿಂತಲೂ ಎದೆ ನಡುಗಿಸುವ ಪರೀಕ್ಷೆ ಅದೇ ವರ್ಷದ ಕೊನೆಯಲ್ಲಿ ಕ್ಯೂಬಾ ದ್ವೀಪದ ಹವಾನದ ಬಳಿ ನಡೆಯಿತು. ಅಲ್ಲಿಯ ಶತ್ರು ಹಳದಿಜ್ವರ. ಅದನ್ನು ಸೊಳ್ಳೆ ಹರಡುತ್ತದೆಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿಯೇ ಹೇಳಿ ನಗೆಗೀಡಾಗಿದ್ದ. ಅಮೆರಿಕದ ಸೇನಾವೈದ್ಯ ವಾಲ್ಟರ್ ರೀಡ್ ಎರಡು ಸಣ್ಣ ಮನೆಗಳನ್ನು ಕಟ್ಟಿಸಿದ. ಮೊದಲನೆಯದರಲ್ಲಿ ಸತ್ತ ರೋಗಿಗಳ ಮಲಿನವಾದ ಬಟ್ಟೆ ಹಾಸಿಗೆಗಳನ್ನು ತುಂಬಿ ಮೂವರು 20 ರಾತ್ರಿ ಅವುಗಳ ನಡುವೆಯೇ ಮಲಗಿದರು. ಸೊಳ್ಳೆ ಒಳಗೆ ಬಾರದಂತೆ ಬಂದೋಬಸ್ತಾಗಿತ್ತು. ಒಬ್ಬರಿಗೂ ಏನೂ ಆಗಲಿಲ್ಲ. ಎರಡನೆಯ ಮನೆ ಅಚ್ಚುಕಟ್ಟಾಗಿ, ಚೊಕ್ಕಟವಾಗಿತ್ತು. ಅದನ್ನು ನಡುವೆ ಒಂದು ತಂತಿಯ ಬಲೆಯಿಂದ ಎರಡು ಭಾಗ ಮಾಡಿದ್ದರು. ಒಂದು ಭಾಗದಲ್ಲಿ ರೋಗಿಯ ರಕ್ತ ಕುಡಿದ 15 ಸೊಳ್ಳೆಗಳನ್ನು ಬಿಟ್ಟು, ಡಿಸೆಂಬರ್ 21ರಂದು ಜಾನ್ ಮೊರಾನ್ ಎಂಬ ತರುಣ ತಾನಾಗಿ ಒಳಗೆ ಹೋಗಿ ಮೈಯೊಡ್ಡಿದ. ಬಲೆಯ ಆಚೆ ಮಗ್ಗುಲಲ್ಲಿ ಬೇರೆಯವರು ಅದೇ ಗಾಳಿಯನ್ನು ಉಸಿರಾಡುತ್ತಿದ್ದರು. ಕ್ರಿಸ್ಮಸ್ ಹಬ್ಬದ ದಿನ ಮೊರಾನನಿಗೆ ಹಳದಿಜ್ವರ ಬಂತು. ಆಚೆಯವರು ಗಟ್ಟಿಮುಟ್ಟಾಗಿಯೇ ಇದ್ದರು. ಪುಣ್ಯಕ್ಕೆ ಆತ ಬದುಕಿಕೊಂಡ. ಒಂದೇ ಸೂರು, ಒಂದೇ ಗಾಳಿ, ಒಂದೇ ನೆಲ. ಬೇರೆಯಾಗಿದ್ದದ್ದು ಬಲೆಯ ಈಚೆ ಮತ್ತು ಆಚೆ. ಅಷ್ಟು ತೆಳುವಾದ ಗಡಿರೇಖೆ ಜ್ವರಕ್ಕೂ ಆರೋಗ್ಯಕ್ಕೂ ನಡುವೆ ನಿಂತದ್ದನ್ನು ಲೋಕ ಕಣ್ಣಾರೆ ಕಂಡಿತು.

ಕಂಡ ಸತ್ಯವನ್ನು ದೊಡ್ಡ ಪ್ರಮಾಣದಲ್ಲಿ ಕಾರ್ಯಕ್ಕೆ ತಂದದ್ದು ಪನಾಮದಲ್ಲಿ. ಫ್ರೆಂಚರು 1881ರಲ್ಲಿ ಅಲ್ಲಿ ಕಾಲುವೆ ತೋಡಲು ತೊಡಗಿ 1889ರಲ್ಲಿ ಕೈಬಿಡುವಷ್ಟರಲ್ಲಿ ಸುಮಾರು 20 ಸಾವಿರಕ್ಕೂ ಹೆಚ್ಚು ಮಂದಿ ಸತ್ತರೆಂದು ಅಂದಾಜು. ಅವರ ಆಸ್ಪತ್ರೆ ಚೆಲುವಾದ ಹೂದೋಟದ ನಡುವೆ ಇತ್ತು. ಕಿಟಕಿಗಳಿಗೆ ಮಾತ್ರ ಬಲೆಯಿರಲಿಲ್ಲ. ಇರುವೆ ಹತ್ತದಿರಲೆಂದು ಮಂಚದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟಿದ್ದರು. ಆ ಬಟ್ಟಲುಗಳಲ್ಲಿಯೇ ಸೊಳ್ಳೆ ಮರಿಮಾಡಿ ರೋಗಿಯಿಂದ ರೋಗಿಗೆ ಹಾರುತ್ತಿತ್ತು. 1904ರಲ್ಲಿ ಅಮೆರಿಕದವರು ಕೆಲಸವನ್ನು ವಹಿಸಿಕೊಂಡಾಗ ವೈದ್ಯಾಧಿಕಾರಿ ಗೋರ್ಗಾಸ್ ಮೊದಲು ಕೇಳಿದ ಸಾಮಾನುಗಳಲ್ಲಿ ತಂತಿಬಲೆಯೂ ಒಂದು. ಸೊಳ್ಳೆಯ ಮಾತನ್ನು ನಂಬದ ಮೇಲಿನವರು ಅದನ್ನು ದುಂದುವೆಚ್ಚವೆಂದು ಬಗೆದರು. 1905ರಲ್ಲಿ ಹಳದಿಜ್ವರ ಹಬ್ಬಿ ನೌಕರರು ಹಡಗು ಹತ್ತಿ ಓಡತೊಡಗಿದಾಗ ಕೈ ಸಡಿಲವಾಯಿತು. ಮನೆಗಳಿಗೆ ಹೊಗೆ ಹಾಕಿದರು, ನೀರಿನ ಪಾತ್ರೆಗಳನ್ನು ಮುಚ್ಚಿಸಿದರು, ನೌಕರರ ವಸತಿಗಳಿಗೆ ಬಲೆ ಬಿಗಿದರು. ಆ ವರ್ಷದ ನವೆಂಬರಿನ ಅನಂತರ ಪನಾಮ ನಗರದಲ್ಲಿ ಹಳದಿಜ್ವರದಿಂದ ಒಂದು ಸಾವೂ ಆಗಲಿಲ್ಲ.

ಬಲೆ ಯಾವ ಲೋಹದ್ದಾಗಿರಬೇಕೆಂಬ ಪ್ರಶ್ನೆ ಮುಖ್ಯವಾದದ್ದು ಅಲ್ಲಿಯೇ. ಕಡಲ ಉಪ್ಪುಗಾಳಿಗೂ ಬಿಡದ ಮಳೆಗೂ ಕಬ್ಬಿಣದ ತಂತಿ ನಿಲ್ಲುವುದಿಲ್ಲ. ತುಕ್ಕು ತಿಂದ ಒಂದು ತೂತು ಸಾಕು, ಇಡೀ ಬಲೆ ಇದ್ದೂ ಇಲ್ಲದಂತೆ. ಆದ್ದರಿಂದ ಪನಾಮದಲ್ಲಿ ತಾಮ್ರದ ಬಲೆಯನ್ನು ತರಿಸಿದರು. ಅದು ಕಿಲುಬು ಹಿಡಿದು ಹಸಿರಾಗುತ್ತದೆಯೇ ಹೊರತು ಬೇಗ ಸಾಯುವುದಿಲ್ಲ. ಬೆಲೆ ಮಾತ್ರ ಹೆಚ್ಚು. ಆ ಹೆಚ್ಚಿನ ಬೆಲೆ ಯಾರಿಗಾಗಿ ಎಂಬ ಮಾತೂ ಬಂತು. ಕಾಲುವೆಯಲ್ಲಿ ಬಿಳಿಯ ನೌಕರರಿಗೆ ಚಿನ್ನದ ಪಟ್ಟಿ, ವೆಸ್ಟ್ ಇಂಡೀಸಿನ ಕರಿಯ ಕೂಲಿಗಳಿಗೆ ಬೆಳ್ಳಿಯ ಪಟ್ಟಿ ಎಂದು ಎರಡು ಸಂಬಳದ ಪಟ್ಟಿಗಳಿದ್ದವು. ಚಿನ್ನದವರ ಮನೆಯ ಜಗಲಿಗೂ ಬಲೆ. ಬೆಳ್ಳಿಯವರಲ್ಲಿ ಬಹುಮಂದಿ ಬಲೆಯಿಲ್ಲದ ಬಿಡಾರಗಳಲ್ಲಿ, ಕಾಡಂಚಿನ ಗುಡಿಸಲುಗಳಲ್ಲಿ ಇದ್ದರು. 1914ರಲ್ಲಿ ಕಾಲುವೆ ತೆರೆಯುವ ವೇಳೆಗೆ ಅಮೆರಿಕದವರ ಲೆಕ್ಕದಲ್ಲಿ ಸತ್ತವರು 5,609. ಅವರಲ್ಲಿ ಸುಮಾರು 4,500 ಮಂದಿ ಈ ಕರಿಯ ಕೂಲಿಗಳು. ಅವರ ಸಂಖ್ಯೆಯೇ ಹೆಚ್ಚಾಗಿತ್ತು, ಎಲ್ಲ ಸಾವುಗಳೂ ಸೊಳ್ಳೆಯಿಂದ ಆದವೂ ಅಲ್ಲ. ಆದರೂ ಬಲೆ ಯಾರ ಕಿಟಕಿಯವರೆಗೆ ಬಂದು ನಿಂತಿತೆಂಬುದನ್ನು ಮರೆತು ಪನಾಮದ ಜಯಗಾನವನ್ನು ಹಾಡುವುದು ನ್ಯಾಯವಲ್ಲ.

ಅಲ್ಲಿಂದ ಮುಂದಿನ ಕಥೆ ಲೋಹಗಳ ಮತ್ತು ರಸಾಯನಗಳ ಕಥೆ. ಬಣ್ಣ ಬಳಿದ ಕಬ್ಬಿಣದ ಮೇಲೆ ಸತುವಿನ ಲೇಪ ಬಂತು. ತಾಮ್ರಕ್ಕೆ ಸ್ವಲ್ಪ ಸತುವನ್ನು ಬೆರೆಸಿ ಗಟ್ಟಿ ಮಾಡಿದರು. ಹಗುರವಾದ ಅಲ್ಯುಮಿನಿಯಂ ಬಂತು. ಎರಡನೆಯ ಮಹಾಯುದ್ಧದ ತರುವಾಯ ಪ್ಲಾಸ್ಟಿಕ್ ಎಳೆಗಳೂ, ಪಿ.ವಿ.ಸಿ. ಲೇಪದ ಗಾಜಿನ ನಾರೂ ಬಂದವು. ಇಂದು ಪೇಟೆಯಲ್ಲಿ ಸಿಕ್ಕುವ ಬಲೆಗಳ ಗುಣದೋಷ ಇಷ್ಟು: ನೈಲಾನ್ ಅಗ್ಗ, ಆದರೆ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ, ಗಾಜಿನ ನಾರು ತುಕ್ಕು ಹಿಡಿಯದು, ಆದರೆ ಇಲಿ ಅಳಿಲುಗಳ ಹಲ್ಲಿಗೆ ಸೋಲುತ್ತದೆ, ಅಲ್ಯುಮಿನಿಯಂ ಒತ್ತಿದರೆ ತಗ್ಗು ಬೀಳುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಎಲ್ಲಕ್ಕೂ ನಿಲ್ಲುತ್ತದೆ, ಹಣದ ಚೀಲವೊಂದು ನಿಲ್ಲಬೇಕು. ಅಂಗುಲಕ್ಕೆ ಒಂದು ಕಡೆ 18, ಇನ್ನೊಂದು ಕಡೆ 16 ಕಣ್ಣುಗಳಿರುವ ಬಲೆ ಸಾಮಾನ್ಯವಾದ ಅಳತೆ. ಕಣ್ಣಿನ ಅಗಲ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಸೊಳ್ಳೆಗೆ ತೂರಲಾಗದು. ಆದರೆ ಎಳೆಗಳೇ ಕಿಟಕಿಯ ಸುಮಾರು ಮೂರರಲ್ಲೊಂದು ಪಾಲನ್ನು ಆಕ್ರಮಿಸುವುದರಿಂದ ಗಾಳಿಗೂ ಸುಂಕ ಬೀಳುತ್ತದೆ. ಅದರ ಮೇಲೆ ಧೂಳು ಕೂತರೆ ಸುಂಕ ಇಮ್ಮಡಿ. ಬಲೆ ಹಾಕಿದ ಮೇಲೆ ಸೆಕೆ ಎಂದು ದೂರುವವರು ಬಲೆಯನ್ನು ತೊಳೆದು ಎಷ್ಟು ದಿನವಾಯಿತೆಂದು ಒಮ್ಮೆ ಯೋಚಿಸಬೇಕು.

ನಮ್ಮ ದೇಶದಲ್ಲಿ ಬಲೆಯ ಬಾಗಿಲುಗಳು ದೊರೆಗಳ ಬಂಗಲೆ, ರೈಲ್ವೆಯ ವಸತಿ, ಆಸ್ಪತ್ರೆಗಳಲ್ಲಿ ಕಾಣಿಸಿಕೊಂಡು ಅಲ್ಲಿಯೇ ಬಹುಕಾಲ ನಿಂತವು. ಮಲೇರಿಯಕ್ಕೆ ನಾವು ಬೇರೆ ಮದ್ದನ್ನು ನಂಬಿದೆವು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಮಂದಿ ಮಲೇರಿಯಕ್ಕೆ ಸಿಕ್ಕುತ್ತಿದ್ದರೆಂದೂ 8 ಲಕ್ಷ ಮಂದಿ ಸಾಯುತ್ತಿದ್ದರೆಂದೂ ಅಂದಾಜು. ಆ ಜ್ವರದಿಂದ ನಮ್ಮ ಮಲೆನಾಡಿನ ಊರುಗಳು ಪಟ್ಟ ಪಾಡನ್ನು ಅಲ್ಲಿಯ ಹಿರಿಯರು ಬಲ್ಲರು. 1953ರಲ್ಲಿ ಮಲೇರಿಯ ನಿಯಂತ್ರಣದ ರಾಷ್ಟ್ರೀಯ ಯೋಜನೆ ಆರಂಭವಾಗಿ, 1958ರಲ್ಲಿ ನಿರ್ಮೂಲನದ ಯೋಜನೆಯಾಗಿ ಬದಲಾಯಿತು. ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದರು. 1961ರ ವೇಳೆಗೆ ರೋಗಿಗಳ ಸಂಖ್ಯೆ 50 ಸಾವಿರದ ಆಸುಪಾಸಿಗೆ ಇಳಿದದ್ದು ಪವಾಡವೇ ಸರಿ. ಸೊಳ್ಳೆಯ ವಂಶವೇ ಅಳಿಯುವಾಗ ಕಿಟಕಿಗೆ ಬಲೆಯೇಕೆ ಎಂದು ಯಾರಿಗೆ ತಾನೆ ಅನ್ನಿಸದು? ಆದರೆ ಸೊಳ್ಳೆ ವಿಷವನ್ನು ಅರಗಿಸಿಕೊಳ್ಳುವುದನ್ನು ಕಲಿಯಿತು, ಕೆಲಸಗಾರರ ಉತ್ಸಾಹವೂ ತಗ್ಗಿತು. 1976ರಲ್ಲಿ ರೋಗಿಗಳ ಸಂಖ್ಯೆ ಮತ್ತೆ 64 ಲಕ್ಷಕ್ಕೆ ಏರಿತು. ವಿಷಕ್ಕೆ ಸೊಳ್ಳೆ ಒಗ್ಗಿಕೊಳ್ಳಬಲ್ಲದು. ತನ್ನ ದೇಹಕ್ಕಿಂತ ಕಿರಿದಾದ ಕಂಡಿಗೆ ಒಗ್ಗಿಕೊಳ್ಳುವ ವಿದ್ಯೆ ಅದಕ್ಕೆ ಇನ್ನೂ ಬಂದಿಲ್ಲ.

ಈಗ ನಗರಗಳಲ್ಲಿ ನಮ್ಮನ್ನು ಕಾಡುವುದು ಡೆಂಗಿ. ಅದನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಡಿಯುತ್ತದೆ. ರಾತ್ರಿಯ ಮಂಚದ ಪರದೆ ಅದಕ್ಕೆ ಲೆಕ್ಕವಿಲ್ಲ. ಹಗಲಿನಲ್ಲಿ ಕೂಸು ತೊಟ್ಟಿಲಲ್ಲಿ ಮಲಗಿರುವಾಗ, ಅಜ್ಜಿ ಜಗಲಿಯಲ್ಲಿ ಹೂ ಕಟ್ಟುವಾಗ, ಕಾಯಬೇಕಾದ್ದು ಕಿಟಕಿಯ ಬಲೆಯೇ. 2024ರಲ್ಲಿ ಕರ್ನಾಟಕ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗದ ಕಾನೂನಿನ ಕೆಳಗೆ ತಂದು, ತಮ್ಮ ಜಾಗದಲ್ಲಿ ಸೊಳ್ಳೆ ಬೆಳೆಯಗೊಟ್ಟವರಿಗೆ ದಂಡ ವಿಧಿಸಿತು. ಬೆಂಗಳೂರಿನ ಬಂಗಲೆಯೊಂದರ ಕಿಟಕಿಯಾಚೆ ರಾಸ್ ನೀರಿನ ತೊಟ್ಟಿಯನ್ನು ಚೆಲ್ಲಿಸಿದ ಮೇಲೆ ನೂರನಲವತ್ತೊಂದು ವರ್ಷಗಳು ಕಳೆದಿದ್ದವು. ಬಲೆ ತೊಟ್ಟಿಯ ಕೆಲಸವನ್ನು ಮಾಡದು, ತೊಟ್ಟಿ ಬರಿದಾದರೂ ಬಲೆ ಬೇಡವೆನ್ನಲಾಗದು. ಎರಡೂ ಜೊತೆಗೆ ನಡೆಯಬೇಕಾದ ಕೆಲಸ.

ಬಲೆ ಎಲ್ಲರಿಗೂ ಸುಲಭವಾಗಿ ದಕ್ಕುವ ವಸ್ತುವೂ ಅಲ್ಲ. ಗೋಡೆಗೂ ಸೂರಿಗೂ ನಡುವೆ ಬಯಲು ಬಿಟ್ಟ ಗುಡಿಸಲಿನ ಕಿಟಕಿಗೆ ಬಲೆ ಹಾಕಿ ಏನು ಫಲ? ಆಫ್ರಿಕದ ಗ್ಯಾಂಬಿಯ ದೇಶದಲ್ಲಿ ಹಳ್ಳಿಮನೆಗಳ ಕಿಟಕಿ ಬಾಗಿಲು ಸೂರುಗಳಿಗೆ ಗಾಜಿನ ನಾರಿನ ಬಲೆ ಹಾಕಿ ಪರೀಕ್ಷಿಸಿ 2009ರಲ್ಲಿ ಫಲವನ್ನು ಪ್ರಕಟಿಸಿದರು. ಬಲೆಯಿಲ್ಲದ ಮನೆಗಳ ಮಕ್ಕಳಲ್ಲಿ ನೂರಕ್ಕೆ 30ರಷ್ಟು ಮಂದಿಗೆ ರಕ್ತಹೀನತೆ ಇದ್ದರೆ, ಬಲೆ ಹಾಕಿದ ಮನೆಗಳಲ್ಲಿ ಅದು 20ರ ಸುತ್ತಮುತ್ತ ಇತ್ತು. ಸೂರಿನ ಸಂದಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದರಿಂದ ಬಂದ ಫಲ ಇದು. ನಮ್ಮ ನಗರಗಳ ಬಾಡಿಗೆಮನೆಯ ಪಾಡು ಬೇರೆ. ಮಾಲೀಕನಿಗೆ ಬಲೆ ಅನಾವಶ್ಯಕ ಖರ್ಚು. ಬಾಡಿಗೆದಾರನಿಗೆ ಇಂದೋ ನಾಳೆಯೋ ಬಿಟ್ಟುಹೋಗುವ ಮನೆಗೆ ಹಾಕುವ ದಂಡ. ಇಬ್ಬರ ಲೆಕ್ಕಾಚಾರದ ನಡುವೆ ಕಿಟಕಿ ಬೋಳಾಗಿಯೇ ಉಳಿಯುತ್ತದೆ. ಗೋರ್ಗಾಸನ ಅರ್ಜಿಯನ್ನು ಬದಿಗಿಟ್ಟವರ ಲೆಕ್ಕವೂ ಹೀಗೆಯೇ ಇತ್ತು. ಅವರಿಗೆ ಬಲೆಯ ಬೆಲೆ ಗೊತ್ತಿತ್ತು, ಬಲೆಯಿಲ್ಲದಿರುವುದರ ಬೆಲೆ ಗೊತ್ತಿರಲಿಲ್ಲ.

ಹೊಸಮನೆ ಕಟ್ಟುವವರು ಕಿಟಕಿ ಯಾವ ದಿಕ್ಕಿಗಿರಬೇಕು, ಎಷ್ಟಿರಬೇಕು ಎಂದು ಹತ್ತು ಜನರನ್ನು ಕೇಳುವುದುಂಟು. ಬಲೆಯ ಮಾತು ಬರುವುದು ಗೃಹಪ್ರವೇಶವಾಗಿ ಮೊದಲನೆಯ ರಾತ್ರಿ ನಿದ್ದೆಗೆಟ್ಟ ಮೇಲೆ. ಕಿಟಕಿಯನ್ನು ಗೋವಿನ ಕಣ್ಣೆಂದು ಕರೆದವರು ಗೋವನ್ನು ಹತ್ತಿರದಿಂದ ನೋಡಿದವರು. ಅದರ ಕಣ್ಣು ವಿಶಾಲವಾದದ್ದು, ನಿಜ. ಆ ಕಣ್ಣಿನ ಅಂಚಿಗೆ ಉದ್ದವಾದ ದಟ್ಟ ರೆಪ್ಪೆಗೂದಲೂ ಉಂಟು. ಕಣ್ಣು ಮುಚ್ಚದೆಯೇ ಅದು ನೊಣವನ್ನು ತಡೆದುಕೊಳ್ಳುತ್ತದೆ.